ಟ್ರೇಲರ್ ವೈರಿಂಗ್‌ಗೆ ಬಿಲ್ ಆಗಿದೆ, ಅರ್ತ್ ಮಾತ್ರ ಕೊಟ್ಟಿಲ್ಲ

ಸರ್ವೀಸ್ ಮ್ಯಾನೇಜರ್ ಅವರಿಗೆ,
ಟ್ರ್ಯಾಕ್ಟರ್ ಮಾರಾಟ ಮತ್ತು ಸೇವಾ ಕೇಂದ್ರ

ವಿಷಯ: ಕಬ್ಬಿನ ಟ್ರೇಲರ್‌ನ ಬ್ರೇಕ್ ಲೈಟ್ ವೈರಿಂಗ್ ಕಳಪೆಯಾಗಿರುವ ಬಗ್ಗೆ

ಮಾನ್ಯರೇ,

ಫೋನಿನಲ್ಲಿ ವಿನಯವಾಗಿ ಕೇಳಿದ್ದಾಯಿತು. ಪ್ರತಿ ಸಲವೂ "ಹುಡುಗನ್ನ ಕಳಿಸ್ತೀವಿ" ಅಂದಿರಿ. ಹುಡುಗ ಬರಲಿಲ್ಲ, ಅದಕ್ಕೇ ಈ ಪತ್ರ.

"ಟ್ರೇಲರ್ ಫುಲ್ ವೈರಿಂಗ್, 7 ಪಿನ್ ಪ್ಲಗ್ ಸಹಿತ" ಎಂದು ನೀವು ಬಿಲ್ ಮಾಡಿದ್ದೀರಿ. ಲೈಟ್ ಹಾಕಿಕೊಂಡು ಬ್ರೇಕ್ ಒತ್ತಿದರೆ ಹಿಂದಿನ ಕೆಂಪು ದೀಪ ಜೋರಾಗುವ ಬದಲು ಮಂಕಾಗುತ್ತದೆ, ಇಂಡಿಕೇಟರ್ ಎರಡೂ ಮಿಣಮಿಣ ಎನ್ನುತ್ತವೆ. ಇದನ್ನು ಕಂಡ ಯಾವ ಎಲೆಕ್ಟ್ರಿಷಿಯನ್ನೂ ಬಲ್ಬಿಗೆ ಕೈ ಹಾಕುವುದಿಲ್ಲ. ಅರ್ತ್, ಅಂದರೆ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಸಿಗದೆ ಕರೆಂಟು ಬೇರೆ ಬಲ್ಬುಗಳ ಫಿಲಮೆಂಟುಗಳನ್ನು ಹಾದು ಹೋಗುತ್ತಿದೆ, ಅಷ್ಟೇ. ನಿಮ್ಮವರು ಬಲ್ಬ್ ಬದಲಿಸಿದರು, ಇಂಡಿಕೇಟರ್ ಮಿನುಗಿಸುವ ಫ್ಲಾಶರ್ ಬದಲಿಸಿದರು, ಬ್ರೇಕ್ ಸ್ವಿಚ್ಚನ್ನೂ ಬದಲಿಸಿದರು. ಮೂರಕ್ಕೂ ಬಿಲ್ ಹಾಕಿದರು. ಆ ಬಿಲ್ಲಿನಲ್ಲಿ ಮಾತ್ರ ಎಲ್ಲೂ ಲೂಸ್ ಕನೆಕ್ಷನ್ ಇಲ್ಲ.

ಟ್ರ್ಯಾಕ್ಟರಿನಿಂದ ಟ್ರೇಲರಿಗೆ ಕರೆಂಟು ಕೊಡುವ ಆ ಪ್ಲಗ್ ಬಿಚ್ಚಿದರೆ 3ನೇ ಪಿನ್ ಖಾಲಿ. ಬಿಳಿ ಅರ್ತ್ ವೈರು ಬರಬೇಕಾದ ಜಾಗ ಅದು. 6ಕ್ಕೆ ಬ್ರೇಕಿನ ಕೆಂಪು ವೈರು, 5 ಮತ್ತು 7ಕ್ಕೆ ಟೇಲ್ ಲೈಟು, ಎಲ್ಲ ಸರಿಯಾಗಿವೆ. ಬಿಳಿ ವೈರನ್ನು ಮಾತ್ರ ಟ್ರೇಲರ್ ಚಾಸಿಯ ಪೇಂಟಿನ ಮೇಲೇ ಸ್ಕ್ರೂ ಹೊಡೆದು ಬಿಟ್ಟಿದ್ದಾರೆ. ಹೀಗಾಗಿ ಅರ್ತ್ ಸಿಕ್ಕರೆ ಟ್ರೇಲರನ್ನು ಟ್ರ್ಯಾಕ್ಟರಿಗೆ ಕೂಡಿಸುವ ಹಿಚ್ ಪಿನ್ ಮೂಲಕವೇ ಸಿಗಬೇಕು. ಲೋಡ್ ಎಳೆಯುವಾಗ ಪಿನ್ ಬಿಗಿಯಾಗಿ ಕೂತು ದೀಪ ಉರಿಯುತ್ತದೆ. ಬ್ರೇಕ್ ಹಿಡಿದಾಗ ಕೊಂಡಿ ಸಡಿಲವಾಗಿ, ನಡುವೆ ಗ್ರೀಸ್ ಬಂದು, ಅರ್ತ್ ಹೋಗುತ್ತದೆ. ಹಿಂದೆ ಬರುವವನಿಗೆ ದೀಪ ಬೇಕಾಗುವುದೂ ಆಗಲೇ.

ಕಳೆದ ಸೋಮವಾರ ನಿಮ್ಮ ಹಿರಿಯ ಮೆಕ್ಯಾನಿಕ್ ಬ್ರೇಕ್ ಬಲ್ಬ್ ಎರಡನ್ನೂ ಕಳಚಿ, ಬ್ರೇಕ್ ಒತ್ತಿಸಿ, ಹೋಲ್ಡರಿಗೂ ಚಾಸಿಗೂ ವೋಲ್ಟ್ ಮೀಟರ್ ಇಟ್ಟು, "ಎಷ್ಟೈತೆ, ಓದಿ ಯಜಮಾನ್ರೆ" ಎಂದರು. 12.4 ಎಂದೆ. "ಜೋರಾಗಿ ಓದಿ" ಎಂದರು. ಜೋರಾಗಿಯೇ ಓದಿದೆ. ಸರ್ವೀಸಿಗೆ ಬಂದಿದ್ದವರೆಲ್ಲ ತಿರುಗಿ ನೋಡಿದರು. "ಬಲ್ಬ್ ಹಾಕಿ, ಬ್ರೇಕ್ ಒತ್ತಿಸಿ ನೋಡಿ" ಎಂದದ್ದಕ್ಕೆ, "ಬಲ್ಬ್ ಹಾಕಿದ್ರೆ ಮೀಟರ್ ಎಲ್ಲಿಡ್ಲಿ, ನಿಮ್ ತಲೆ ಮೇಲಾ?" ಎಂದರು. ಪಾರ್ಟ್ಸ್ ಕೌಂಟರಿನ ಹುಡುಗ ಬಿದ್ದು ಬಿದ್ದು ನಕ್ಕ. ನೀವು ಗಾಜಿನ ಕ್ಯಾಬಿನ್ನಿನಲ್ಲಿ ಕಾಫಿ ಕುಡಿಯುತ್ತಾ ನೋಡುತ್ತಿದ್ದಿರಿ. ಕಾಫಿ ಚೆನ್ನಾಗಿತ್ತೆಂದು ಭಾವಿಸುತ್ತೇನೆ.

ಮೀಟರ್ ಎಲ್ಲಿಡಬೇಕೆಂದು ಈಗ ಬರೆದೇ ತಿಳಿಸುತ್ತೇನೆ. ಬಲ್ಬ್ ಹಾಕಿ, ಬ್ರೇಕ್ ಒತ್ತಿ ಹಿಡಿಸಿ. ಮೀಟರಿನ ಒಂದು ಕಡ್ಡಿ ದೀಪದ ಅರ್ತ್‌ಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ. ಅರ್ಧ ವೋಲ್ಟ್ ದಾಟಬಾರದು. ಬಲ್ಬ್ ಇಲ್ಲದೆ ನೋಡಿದರೆ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೇ ಇಲ್ಲ. 21 ವ್ಯಾಟಿನ ಎರಡು ಬಲ್ಬ್ ಸೇರಿ ಮೂರೂವರೆ ಆಂಪಿಯರ್ ಎಳೆಯುತ್ತವೆ. ದಾರಿಯಲ್ಲಿ 1 ಓಮ್ ತಡೆ ಇದ್ದರೂ ಸುಮಾರು 3 ವೋಲ್ಟ್ ಅಲ್ಲೇ ಹೋಯಿತು. ಲೆಕ್ಕ ಬೇಡವೆಂದರೆ ಬ್ಯಾಟರಿ ನೆಗೆಟಿವ್‌ನಿಂದ ಒಂದು ವೈರು ತಂದು ದೀಪದ ಬಾಡಿಗೆ ಮುಟ್ಟಿಸಿ. ಮುಟ್ಟಿಸಿದ ಕೂಡಲೇ ದೀಪ ಸರಿಯಾಗುತ್ತದೆ, ವಿಡಿಯೊ ಇದೆ.

3ನೇ ಪಿನ್ನಿನಿಂದ ಎರಡೂ ದೀಪಕ್ಕೆ ನೇರವಾಗಿ 2.5 ಚದರ ಎಂಎಂ ವೈರು ಎಳೆಯಿರಿ. ಚಾಸಿಗೆ ಕೊಡುವಲ್ಲಿ ಪೇಂಟ್ ಕೆರೆದು, ವೈರಿನ ತುದಿಗೆ ಲಗ್ (ಲೋಹದ ಬಳೆ) ಒತ್ತಿ, ಸ್ಟಾರ್ ವಾಷರ್ ಹಾಕಿ ಬೋಲ್ಟ್ ಬಿಗಿಯಿರಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಒಂದೂ ಬೇಡ, ಗದ್ದೆಯ ಕೆಸರಿಗೆ ತಾಮ್ರ ಹಸಿರುಗಟ್ಟುತ್ತದೆ. ಬೇಡದೆ ಬದಲಿಸಿದ ಮೂರು ಪಾರ್ಟ್ಸ್‌ನ ಹಣ ವಾಪಸ್ ಕೊಡಿ. ಮಾಡಿದ ಕೆಲಸದ ಗ್ಯಾರಂಟಿ ಏನೆಂಬುದು ನಿಮ್ಮ ಜಾಬ್ ಕಾರ್ಡಿನ ಹಿಂಬದಿಯಲ್ಲೇ ಇದೆ, ನಾನು ಓದಿ ಹೇಳಬೇಕಿಲ್ಲ. ಜೋರಾಗಿಯಂತೂ ಬೇಕಿಲ್ಲ.

ಏಳು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915, ಅದರ ಹಿಂದೆಯೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ. ನಿಜ ಹೇಳಬೇಕೆಂದರೆ ನೀವು ಸರಿ ಮಾಡಿಕೊಡದಿದ್ದರೇ ನನಗೆ ಖುಷಿ. ಆ ಮೆಕ್ಯಾನಿಕ್‌ರನ್ನು ಮೀಟರ್ ಸಮೇತ ಆಯೋಗದ ಮುಂದೆ ಕರೆಸಿ, ಬಲ್ಬ್ ಕಳಚಿಟ್ಟು, 12.4 ಎಂದು ಜೋರಾಗಿ ಓದಿಸಬೇಕೆಂದಿದ್ದೇನೆ.

ಇತಿ,
ಟ್ರೇಲರ್ ಮಾಲೀಕ

ಲಗತ್ತು: ಬಿಲ್ಲುಗಳ ಪ್ರತಿ, ಖಾಲಿ 3ನೇ ಪಿನ್ನಿನ ಫೋಟೊ