ರೇಡಿಯೋದಲ್ಲಿ ಮಾತನಾಡುವ ಮಗಳಿಗೆ

ವಿಜಯಪುರ

ಚಿರಂಜೀವಿ ಮಗಳಿಗೆ ಅವ್ವನ ಆಶೀರ್ವಾದಗಳು.

ನಿಮ್ಮ ಎಫ್‌ಎಂ ಕೇಂದ್ರದವರು ನಮ್ಮ ಕಡೆಯ ಹೆಂಗಸೊಬ್ಬಳ ಹಾಸ್ಯಪಾತ್ರವನ್ನು ಬರೆದು, ಅದಕ್ಕೆ ನೀನೇ ಧ್ವನಿ ಕೊಡಬೇಕೆಂದು ಒತ್ತಾಯಿಸುತ್ತಿರುವ ವಿಷಯ ತಿಳಿಯಿತು. ನೀನು ಬೆಂಗಳೂರಿಗೆ ಹೋದ ಹೊಸತರಲ್ಲಿ ನಿನ್ನ ಮಾತನ್ನು ತಿದ್ದಿಕೊಳ್ಳಲು ಹೇಳಿದವರೇ ಈಗ ಅದೇ ಮಾತನ್ನು ಇನ್ನಷ್ಟು ಒರಟು ಮಾಡಿ ಆಡು ಎನ್ನುತ್ತಿರುವುದು ನನಗೇನೂ ವಿಚಿತ್ರವೆನಿಸಲಿಲ್ಲ. ಈ ಸೀಮೆಯ ಮಾತು ನಗಿಸುವುದಕ್ಕಷ್ಟೇ ಸರಿ, ಗಂಭೀರವಾದುದಕ್ಕೆ ಒದಗುವುದಿಲ್ಲ ಎಂಬ ಒಂದೇ ತಿಳಿವಳಿಕೆ ಆ ಎರಡು ಸಲಹೆಗಳ ಹಿಂದೆಯೂ ಇದೆ. ಧಾರವಾಡದ ಆಡುಮಾತಿನಲ್ಲಿ ಕನ್ನಡದ ಬಹುದೊಡ್ಡ ಕಾವ್ಯವನ್ನು ಕಟ್ಟಿದ ಬೇಂದ್ರೆಯವರು, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಗೆ ಸಲಹೆಗಾರರೂ ಆಗಿದ್ದರೆಂಬುದನ್ನು ಅವರಿಗೊಮ್ಮೆ ನೆನಪಿಸು.

ಹಾಸ್ಯವೇ ಬೇಡವೆಂದು ನಾನು ಹೇಳುತ್ತಿಲ್ಲ. ನಿನ್ನ ಅಜ್ಜಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದಳು. ಆದರೆ ಆ ನಗು ಅವಳ ಬುದ್ಧಿಯಿಂದ ಹುಟ್ಟುತ್ತಿತ್ತೇ ಹೊರತು ಅವಳು ಮಾತನಾಡುವ ರೀತಿಯಿಂದಲ್ಲ. ನೀನು ಕಳಿಸಿದ ಬರಹದಲ್ಲಿ ಆ ಹೆಂಗಸಿಗೆ ಬೈಗುಳವಿದೆ, ರೊಟ್ಟಿಯಿದೆ, ದೊಡ್ಡ ಗಂಟಲಿದೆ, ಬುದ್ಧಿಯೊಂದನ್ನು ಬಿಟ್ಟು.

2024ರಲ್ಲಿ ನಮ್ಮನ್ನಗಲಿದ ಹೆಸರಾಂತ ರೇಡಿಯೋ ನಿರೂಪಕ ಅಮೀನ್ ಸಯಾನಿಯವರ ವಿಷಯ ನಿನಗೆ ಗೊತ್ತಿರಬೇಕು. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಬಿನಾಕಾ ಗೀತಮಾಲಾ ಎಂಬ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಆರಂಭಿಸುವುದಕ್ಕೂ ಮುಂಚೆ ಅವರು, ಹೊಸದಾಗಿ ಅಕ್ಷರ ಕಲಿತವರಿಗಾಗಿ ತಾಯಿ ಕುಲ್ಸುಮ್ ಸಯಾನಿಯವರು ನಡೆಸುತ್ತಿದ್ದ 'ರಹಬರ್' ಪತ್ರಿಕೆಯ ಕೆಲಸದಲ್ಲಿ ನೆರವಾಗುತ್ತಿದ್ದರು. ಅವರ ಮಾತಿನ ಸರಳತೆ ಅಲ್ಲಿ ಪಳಗಿದ್ದು. ಓದುವವರು ಯಾರೆಂಬ ಅರಿವಿನಿಂದ ಅದು ಬಂದಿತ್ತು. ಬರೀ ಗಂಟಲಿನ ಸಾಧನೆಯಿಂದ ಅದು ಬರುವಂಥದ್ದಲ್ಲ.

ಈ ಕಸುಬಿನ ಹುಚ್ಚು ಎಂದರೆ ಮೈಕ್ ಮುಂದೆ ಉತ್ಸಾಹದಿಂದ ಕೂಗುವುದೆಂದು ಈಗಿನವರು ತಿಳಿದಂತಿದೆ. ಆದರೆ ಅದಿರುವುದು ಕೇಳುವವರ ಬದುಕನ್ನು ಅರಿತು ಮಾತನಾಡುವುದರಲ್ಲಿ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ತಿಕೋಟಾ ಕಡೆಯ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗಿ ಮಣೂಕವಾಗಲು ಎರಡು ವಾರಕ್ಕೂ ಹೆಚ್ಚು ಕಾಲ ಬೇಕು. ಆ ಅವಧಿಯಲ್ಲಿ ಅಕಾಲಿಕ ಮಳೆ ಬಿದ್ದರೆ ಬಣ್ಣ ಕೆಡುತ್ತದೆ, ದರ ಇಳಿಯುತ್ತದೆ, ಸಾಲ ಉಳಿಯುತ್ತದೆ. 'ಒಳನಾಡಿನ ಕೆಲವೆಡೆ ಹಗುರ ಮಳೆ ಸಾಧ್ಯತೆ' ಎಂಬ ಸಾಲನ್ನು ಇದನ್ನು ಬಲ್ಲವರು ಓದುವುದಕ್ಕೂ, ಮುಂದಿನ ಹಾಡಿಗೆ ಅವಸರದಲ್ಲಿರುವವರು ಓದುವುದಕ್ಕೂ ವ್ಯತ್ಯಾಸವಿದೆ, ಮತ್ತು ಅದು ನಿನ್ನ ಸೋದರಮಾವನಂಥವರ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲವಾದರೂ ಹವಾಮಾನ, ಸಂಚಾರ, ಪರೀಕ್ಷೆಗಳ ಮಾಹಿತಿ ಕೊಡಬಹುದಲ್ಲ. ಅಲ್ಲಿಂದಲೇ ಆರಂಭಿಸು.

ಆದ್ದರಿಂದ ಪಾತ್ರವನ್ನು ನಿರಾಕರಿಸುವ ಮೊದಲು ಅದನ್ನು ನೀನೇ ಹೊಸದಾಗಿ ಬರೆದು ತೋರಿಸು. ಆಕೆ ಗೋಲಗುಮ್ಮಟದ ಬಳಿ ಚಹಾದಂಗಡಿ ನಡೆಸುವವಳಾಗಿರಲಿ, ಲೆಕ್ಕದಲ್ಲಿ ಪಕ್ಕಾ ಇರಲಿ, ಬೆಂಗಳೂರಿನವರನ್ನು ಆಕೆಯೇ ನೋಡಿ ನಗಲಿ. ಅವರು ಒಪ್ಪದಿದ್ದರೆ ಆ ತುಣುಕನ್ನು ಬೇರೆಯವರು ಮಾಡಲಿ. ನಿನ್ನ ಬೆಳಗಿನ ಕಾರ್ಯಕ್ರಮ ನಿನಗಿದ್ದೇ ಇದೆ. ಬರೆದದ್ದನ್ನು ಧ್ವನಿಮುದ್ರಿಸಿ ಮೊದಲು ನನಗೆ ಕಳಿಸು. ನಿನ್ನ ಅಪ್ಪನಿಗೆ ಆಮೇಲೆ ಕೇಳಿಸೋಣ, ಅವರು ನೀನು ಕೆಮ್ಮಿದರೂ ಚೆನ್ನಾಗಿದೆ ಎನ್ನುವವರು.

ಇತಿ,
ನಿನ್ನ ಅವ್ವ