ಡಾಕ್ಟರು ವೇದಿಕೆ ಮೇಲೆ, ರೋಗಿ ಬಾಗಿಲಲ್ಲಿ

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕು ಆಸ್ಪತ್ರೆ ಆವರಣದಲ್ಲಿ ನಡೆದ ಅಶ್ಲೀಲ ವಿಡಿಯೊ ಗೀಳಿನ ಜಾಗೃತಿ ಕಾರ್ಯಕ್ರಮದ ಸುದ್ದಿಯನ್ನು ಬುಧವಾರದ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಯಶಸ್ವಿಯಾಯಿತಂತೆ. ಫೋಟೊದಲ್ಲಿ ದೀಪ ಹಚ್ಚುತ್ತಿರುವವರಲ್ಲಿ ಎಡದಿಂದ ನಾಲ್ಕನೆಯವರು ಮನೋವೈದ್ಯರು. ಅವರಿಗಾಗಿಯೇ ನಾನು ಅವತ್ತು ಬೆಳಿಗ್ಗೆ ಒಂಬತ್ತರಿಂದ ಒಂದೂವರೆವರೆಗೆ ಅವರ ಕೋಣೆಯ ಮುಂದೆ ನಿಂತಿದ್ದೆ.

ಮಂಗಳವಾರ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ದಿನ. ಜಿಲ್ಲೆಯಿಂದ ಮನೋವೈದ್ಯರು ತಾಲ್ಲೂಕಿಗೆ ಬಂದು ರೋಗಿಗಳನ್ನು ನೋಡುವುದು ಅವತ್ತೇ. ಅದೇ ದಿನ, ಅದೇ ಡಾಕ್ಟರನ್ನು ವೇದಿಕೆ ಹತ್ತಿಸಿ ಶಾಲು ಹೊದಿಸಿದರು. ಗೀಳಿನ ಬಗ್ಗೆ ಭಾಷಣ ಒಳ್ಳೆಯದೇ. ಆದರೆ ಗೀಳು ಇರುವವನು ಇಪ್ಪತ್ತು ಹೆಜ್ಜೆ ದೂರದಲ್ಲಿ ಚೀಟಿ ಹಿಡಿದು ನಿಂತಿದ್ದ.

ಅವನು ನನ್ನ ಅಕ್ಕನ ಮಗ. ವಯಸ್ಸು 23. ರಾತ್ರಿ ಮೂರರವರೆಗೆ ಮೊಬೈಲು, ಬೆಳಿಗ್ಗೆ ಕೆಲಸಕ್ಕೆ ತಡ. ಕೊನೆಗೆ ಕೆಲಸವೇ ಹೋಯಿತು. ನಾವು ಪ್ರೀತಿ ಗೀತಿ ಇರಬೇಕು ಅಂದುಕೊಂಡಿದ್ದೆವು. ಒಂದು ದಿನ ಅವನೇ ಬಂದು ಹೇಳಿದ, "ಮಾಮಾ, ಬೇಡ ಅಂತ ನಾಲ್ಕು ಸಲ ಎಲ್ಲ ಡಿಲೀಟ್ ಮಾಡಿದೀನಿ. ಮತ್ತೆ ಕೈ ಅಲ್ಲಿಗೇ ಹೋಗುತ್ತೆ. ಈಗ ನೋಡಿದ್ರೆ ಖುಷಿನೂ ಇಲ್ಲ, ನೋಡ್ದೆ ಇರಕ್ಕೂ ಆಗಲ್ಲ." ನಾನು ಮೊದಲು ಮಾಡಿದ ಕೆಲಸ ಬೈದಿದ್ದು. ಎರಡನೆಯದು ಫೋನ್ ಕಿತ್ತುಕೊಂಡಿದ್ದು. ವಾರ ಕಳೆಯುವಷ್ಟರಲ್ಲಿ ಗೆಳೆಯನ ಹಳೇ ಫೋನ್ ತಂದುಕೊಂಡಿದ್ದ. ತಪ್ಪು ನನ್ನದೂ ಇದೆ, ಒಪ್ಪುತ್ತೇನೆ.

ಆಮೇಲೆ 14416ಕ್ಕೆ ಫೋನ್ ಮಾಡಿದೆವು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ಪುಕ್ಕಟೆ. ಕನ್ನಡದಲ್ಲೇ ಮಾತಾಡಿದರು, ಒಂದು ಸಲವೂ ಛೀ ಅನ್ನಲಿಲ್ಲ. ಆ ಹೆಣ್ಣುಮಗಳು ಹೇಳಿದ್ದು ಇಷ್ಟು: ನೋಡಿದ ಮಾತ್ರಕ್ಕೆ ಕಾಯಿಲೆಯಲ್ಲ. ನೋಡಿ ಪಾಪಪ್ರಜ್ಞೆ ಕಾಡಿದರೆ ಅದೊಂದರಿಂದಲೇ ಕಾಯಿಲೆ ಅನ್ನುವುದಕ್ಕೂ ಆಗುವುದಿಲ್ಲ. ಬಿಡಬೇಕು ಅಂದರೂ ತಿಂಗಳುಗಟ್ಟಲೆ ಬಿಡಲಾಗದೆ, ನಿದ್ದೆ, ಕೆಲಸ, ಮನೆಯವರ ಸಂಗ ಎಲ್ಲ ಹಾಳಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲೂ ಇಂಥ ಹತೋಟಿ ತಪ್ಪಿದ ನಡವಳಿಕೆಗೆ ಜಾಗವಿದೆಯಂತೆ, ಆರು ತಿಂಗಳಾದರೂ ಹೀಗೇ ನಡೆದಿರಬೇಕಂತೆ. ರಾತ್ರಿ ಫೋನ್ ನಡುಮನೆಯಲ್ಲಿ ಚಾರ್ಜಿಗೆ ಹಾಕಿ, ಯಾವ ಹೊತ್ತಿಗೆ, ಯಾವ ಬೇಜಾರಿಗೆ ಕೈ ಅಲ್ಲಿಗೆ ಹೋಗುತ್ತದೆ ಅಂತ ಬರೆದಿಡಿ, ಒಂದು ದಿನ ತಪ್ಪಿದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ ಅಂದರು. ಹುಡುಗ ಹನ್ನೊಂದು ದಿನ ಬರೆದ. ಹೆಚ್ಚಾಗಿ ಕೆಲಸದ ಇಂಟರ್‌ವ್ಯೂ ಕೆಟ್ಟ ದಿನಗಳೇ. ಆ ನೋಟ್‌ಬುಕ್ ಹಿಡಿದುಕೊಂಡೇ ಅವನು ಮಂಗಳವಾರ ಬಂದದ್ದು.

ಚೀಟಿ ಕೌಂಟರಿನಲ್ಲಿ ಮೂವತ್ತು ಜನರ ಮುಂದೆ ಗುಮಾಸ್ತರು ಕೇಳಿದರು, "ಏನ್ ಕಾಯಿಲೆ? ಜೋರಾಗಿ ಹೇಳಪ್ಪಾ." ಹುಡುಗ "ತಲೆನೋವು" ಅಂದ. ಬರೆದುಕೊಟ್ಟದ್ದು ಕಣ್ಣಿನ ವಿಭಾಗಕ್ಕೆ! ಅದನ್ನು ಬದಲಿಸಲು ಮತ್ತೆ ಸಾಲು. ಹತ್ತಕ್ಕೆ ಅಂದ ಕಾರ್ಯಕ್ರಮಕ್ಕೆ ಗಣ್ಯರು ಬಂದದ್ದು ಹನ್ನೆರಡೂಕಾಲಿಗೆ. ಅಷ್ಟು ಹೊತ್ತೂ ಡಾಕ್ಟರು ವೇದಿಕೆಯ ಮೇಲೆ ಕೂತು ಬಾಟಲಿ ನೀರು ಕುಡಿಯುತ್ತಿದ್ದರು. ನಮಗೆ ನೀರಿಲ್ಲ, ಫಿಲ್ಟರ್ ಕೆಟ್ಟು ಎರಡು ವರ್ಷ. ಶೌಚಾಲಯಕ್ಕೆ ಬೀಗ. ಬೀಗದ ಕೈ ಇರುವವರು ಕುರ್ಚಿ ಜೋಡಿಸಲು ಹೋಗಿದ್ದರು. ನನ್ನ ಜೆರಾಕ್ಸ್ ಅಂಗಡಿ ಅವತ್ತಿಡೀ ಮುಚ್ಚಿತ್ತು, ಅದೂ ಅರ್ಜಿ ತುಂಬುವ ಸೀಸನ್‌ನಲ್ಲಿ. ಹಾಗೇ ನೆನಪಾಯಿತು, ಹೋದ ವರ್ಷದ ಡೆಂಗಿ ಜಾಥಾದ ಕರಪತ್ರಕ್ಕೆ ಇದೇ ಆಸ್ಪತ್ರೆಯವರು ನನಗೆ ಕೊಡಬೇಕಾದ ದುಡ್ಡು ಇನ್ನೂ ಬಂದಿಲ್ಲ.

ಭಾಷಣ ಮೈಕಿನಲ್ಲಿ ನಮಗೂ ಕೇಳಿಸಿತು. ‘ಸಂಸ್ಕಾರವಿಲ್ಲದವರು, ಮನೆಯ ಮಾನ ಕಳೆಯುವವರು’ ಇತ್ಯಾದಿ. ಹುಡುಗ ನೋಟ್‌ಬುಕ್ ಮಡಚಿ ಅಂಗಿಯೊಳಗೆ ಇಟ್ಟುಕೊಂಡ. ಕೊನೆಗೆ ಕಾಲೇಜು ಮಕ್ಕಳನ್ನೆಲ್ಲ ಎಬ್ಬಿಸಿ, ಕೈ ಮುಂದೆ ಚಾಚಿಸಿ, ಇನ್ನು ನೋಡುವುದಿಲ್ಲ ಎಂದು ಪ್ರಮಾಣ ಮಾಡಿಸಿದರು. ಪ್ರಮಾಣಕ್ಕೆ ಗೀಳು ಬಿಡುತ್ತದೆ ಅನ್ನುವುದಾದರೆ, 2012ರ ಫೆಬ್ರುವರಿಯಲ್ಲಿ ಸದನದಲ್ಲೇ ಮೊಬೈಲಿನಲ್ಲಿ ಅದನ್ನು ನೋಡಿದರೆಂಬ ಗಲಾಟೆಗೆ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರಲ್ಲ, ಅವರೆಲ್ಲ ಪ್ರಮಾಣವಚನ ಸ್ವೀಕರಿಸಿದವರೇ ಅಲ್ವಾ? 2007ರಲ್ಲಿ ಶಾಲೆಗಳಿಗೆ ಲೈಂಗಿಕ ಶಿಕ್ಷಣ ಬೇಡ ಅಂದದ್ದೂ ಸರ್ಕಾರವೇ. 2018ರಲ್ಲಿ ದೆಹಲಿಯಿಂದ 827 ಸೈಟ್ ಮುಚ್ಚಿಸಿದರು. ಮುಚ್ಚಿದ ಬಾಗಿಲಿಗೆ ಕಿಟಕಿ ಹುಡುಕುವುದು ನಮ್ಮ ಹುಡುಗರಿಗೆ ಎಷ್ಟು ಹೊತ್ತಿನ ಕೆಲಸ? ಹೇಳಿಕೊಡುವುದು ಬೇಡ, ಚಿಕಿತ್ಸೆಗೆ ಬಂದರೆ ಡಾಕ್ಟರಿಲ್ಲ, ಫ್ಲೆಕ್ಸಿಗೆ ಮಾತ್ರ ದುಡ್ಡಿದೆ.

ಒಂದೂವರೆಗೆ ಡಾಕ್ಟರು ಇಳಿದರು. ಕೈ ಮುಗಿದು ಕೇಳಿದೆ. ಪಾಪ, ಅವರಿಗೂ ಮುಜುಗರ. "ಸಾರ್, ಎರಡಕ್ಕೆ ಜಿಲ್ಲೆಯಲ್ಲಿ ಮೀಟಿಂಗ್, ಮುಂದಿನ ವಾರ ಬನ್ನಿ" ಅಂದರು. ಹಿಂತಿರುಗಿ ನೋಡಿದರೆ ಹುಡುಗ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೆ ಚಿಕಿತ್ಸೆ ಕೊಡುವ ನಿಮ್ಹಾನ್ಸ್‌ನವರ ಶಟ್ ಕ್ಲಿನಿಕ್ 2014ರಿಂದ ಇದೆ, ಅಲ್ಲಿಗೇ ಹೋಗೋಣ ಅಂದೆ. "ಬೇಡ ಮಾಮಾ, ಅಲ್ಲೂ ಜೋರಾಗಿ ಕೇಳ್ತಾರೆ" ಅಂದ. ಕೇಳುವುದಿಲ್ಲ ಅಂತ ನಾನು ಹೇಗೆ ನಂಬಿಸಲಿ?

ಮಾನ್ಯ ಆರೋಗ್ಯಾಧಿಕಾರಿಗಳು ಮನೋವೈದ್ಯರನ್ನು ವಾರಕ್ಕೆ ಎರಡು ದಿನ ಕಳಿಸಲಿ. ಅದಾಗದಿದ್ದರೆ ಒಂದೇ ದಿನ, ಆದರೆ ಕೋಣೆಯೊಳಗೆ. ಕೌಂಟರಿನಲ್ಲಿ ಕಾಯಿಲೆಯನ್ನು ಹರಾಜು ಕೂಗುವುದು ನಿಲ್ಲಲಿ. ನೀರು, ಬೀಗ, ನನ್ನ ಜೆರಾಕ್ಸ್ ಬಾಕಿ, ಇವನ್ನೂ ನೋಡಲಿ. ಶಾಲು ಹೊದಿಸಲೇಬೇಕಿದ್ದರೆ ಭಾನುವಾರ ಹೊದಿಸಲಿ, ಯಾರು ಬೇಡ ಅಂದರು? ನಾಚಿಕೆ ಆಗಬೇಕಾದವರಿಗೆ ಆಗದೆ, ಆ ಹುಡುಗ ಯಾಕೆ ತಲೆ ತಗ್ಗಿಸಿಕೊಂಡು ಓಡಾಡಬೇಕು?

ದಯವಿಟ್ಟು ನನ್ನ ಹೆಸರು ಹಾಕಬೇಡಿ. ಜೆರಾಕ್ಸ್ ಅಂಗಡಿ ಅಂದ ಮೇಲೆ ಊರಿನವರಿಗೆ ಗೊತ್ತಾಗುತ್ತದೋ ಏನೋ, ಆ ಸಾಲು ಬೇಕಿದ್ದರೆ ತೆಗೆದುಬಿಡಿ. ಬಾಕಿ ದುಡ್ಡಿನ ಮಾತು ಮಾತ್ರ ಇರಲಿ.

ನಿನ್ನೆ ಆ ಕೋಣೆಯ ಬಾಗಿಲಿಗೆ ಹೊಸ ಬೋರ್ಡ್ ಹಾಕಿದ್ದಾರೆ. ಬರುವ ಮಂಗಳವಾರ ಸರ್ಕಾರಿ ರಜೆಯಂತೆ.

ಇಂತಿ,
ಒಬ್ಬ ಓದುಗ