ಹತ್ತು ಪ್ರಶ್ನೆ, ಒಂದು ತೊಟ್ಟಿಲು

ಪ್ರೀತಿಯ ಸುಮಾ,

ಸಿಸೇರಿಯನ್‌ಗೆ ದಿನ ಗೊತ್ತುಮಾಡಿದ್ದಾರೆ ಎಂದು ಅಮ್ಮ ಹೇಳಿದಾಗಿನಿಂದ ನಿನ್ನದೇ ಯೋಚನೆ. ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಕಾಗದವಾದರೆ ದಿಂಬಿನ ಕೆಳಗೆ ಇಟ್ಟುಕೊಳ್ಳಬಹುದು.

ನಮ್ಮ ವಾರ್ಡಿನಲ್ಲಿ ಸಿಸೇರಿಯನ್ ಆದವರ ಚೇತರಿಕೆಯ ಬಗ್ಗೆ ಅಧ್ಯಯನ ನಡೆಯುತ್ತಿದೆ. ಮರುದಿನ ಪ್ರತಿ ತಾಯಿಯ ಪಕ್ಕ ಕುಳಿತು ಹತ್ತು ಪ್ರಶ್ನೆ ಕೇಳುವುದು ನನ್ನ ಪಾಲಿನ ಕೆಲಸ. ನೋವೆಷ್ಟು, ವಾಕರಿಕೆ ಇದೆಯೇ, ನಡುಕ ಬಂತೇ ಎಂದು ಶುರುವಾಗಿ, ಯಾರ ನೆರವೂ ಇಲ್ಲದೆ ಮಗುವನ್ನು ಎತ್ತಿಕೊಳ್ಳಬಲ್ಲಿರಾ ಎಂಬುದನ್ನೂ ಕೇಳುತ್ತೇವೆ. ಪ್ರತಿಯೊಂದಕ್ಕೂ 0ಯಿಂದ 10ರವರೆಗೆ ಅಂಕ. ಮೊನ್ನೆ ಒಬ್ಬಾಕೆ ನೋವೇನಿಲ್ಲ ಎಂದಳು. ಮಗುವಿನ ಪ್ರಶ್ನೆ ಬಂದಾಗ ಸುಮ್ಮನಾದಳು. ತೊಟ್ಟಿಲು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು, ಆದರೆ ಅತ್ತ ಮಗ್ಗುಲಾಗಲೂ ಅವಳಿಗೆ ಹೆದರಿಕೆ. ಹಾಲಿಗೆ ಇಳಿದೀತೆಂದು ಎರಡು ಹೊತ್ತಿನ ನೋವಿನ ಮಾತ್ರೆ ಬೇಡವೆಂದಿದ್ದಳು. ಮಾತ್ರೆ ನುಂಗಿದ ಮೇಲೆ ಸಂಜೆ ನೋಡಿದರೆ ಮಗು ಅವಳ ಎದೆಯ ಮೇಲಿತ್ತು.

ನೀನು ಹಾಗೆ ಸಹಿಸಿಕೊಂಡು ಮಲಗಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಎರಡೂ ಹಾಲುಣಿಸುವವರಿಗೆ ಸಲ್ಲುವ ಔಷಧಿಗಳು. ನೋವು ಏರುವವರೆಗೆ ಕಾಯದೆ ಹೊತ್ತುಹೊತ್ತಿಗೆ ತೆಗೆದುಕೊಂಡರೆ ಅವುಗಳಿಂದ ಹೆಚ್ಚು ಪ್ರಯೋಜನ. ನಿನಗೆ ಆಸ್ತಮಾ ಇದೆಯಲ್ಲ, ಅದನ್ನು ವೈದ್ಯರಿಗೆ ಮೊದಲೇ ಹೇಳು. ಐಬುಪ್ರೊಫೇನ್ ಎಲ್ಲರಿಗೂ ಹೊಂದುವುದಿಲ್ಲ. ಬೆನ್ನಿಗೆ ಕೊಡುವ ಅರಿವಳಿಕೆಯ ಜೊತೆ ಅತ್ಯಲ್ಪ ಪ್ರಮಾಣದ ಮಾರ್ಫಿನ್ ಸೇರಿಸಿದರೆ ಹೆಚ್ಚುಕಡಿಮೆ ಒಂದು ದಿನ ನೋವು ಹತೋಟಿಯಲ್ಲಿರುತ್ತದೆ. ಅದರಿಂದ ಮೈ ತುರಿಸಬಹುದು. ಗಾಬರಿಯಾಗದೆ ದಾದಿಗೆ ತಿಳಿಸು.

ನೀನು ಹುಟ್ಟಿದಾಗ ಮರುದಿನದವರೆಗೂ ತನ್ನ ಬಾಯಿಗೆ ನೀರು ಬಿಡಲಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಶಸ್ತ್ರಚಿಕಿತ್ಸೆಯಾದವರು ಬೇಗ ಚೇತರಿಸಿಕೊಳ್ಳಲೆಂದು ಕೆಲಸ ಮಾಡುವ ಅಂತರರಾಷ್ಟ್ರೀಯ ವೈದ್ಯಕೀಯ ಸಂಸ್ಥೆ ಎರಾಸ್ ಸೊಸೈಟಿ 2018 ಮತ್ತು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳು ಹೇಳುವುದು ಬೇರೆಯೇ: ಶಸ್ತ್ರಚಿಕಿತ್ಸೆಗೆ 2 ಗಂಟೆ ಮೊದಲಿನವರೆಗೂ ತಿಳಿಯಾದ ದ್ರವ ಕುಡಿಯಬಹುದು, ಮುಗಿದು 2 ಗಂಟೆಯೊಳಗೆ ಎಂದಿನ ಊಟ ಶುರುಮಾಡಬಹುದು. ಮೂತ್ರದ ನಳಿಕೆಯನ್ನೂ ಬೇಗ ತೆಗೆಯಬೇಕು. ಅದು ಇರುವಷ್ಟು ಹೊತ್ತು ಎದ್ದು ಓಡಾಡಲು ಮನಸ್ಸು ಬರುವುದಿಲ್ಲ. ಓಡಾಡದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಇನ್ನೊಂದು ವಿಷಯ ನಿನಗೆ ಖುಷಿ ಕೊಡುತ್ತದೆ. ಚೂಯಿಂಗ್ ಗಮ್ ಅಗಿದರೆ ಊಟ ಬಂತೆಂದು ಕರುಳು ಎಚ್ಚೆತ್ತುಕೊಳ್ಳುತ್ತದೆ. 2016ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಗಿದವರಿಗೆ ಸುಮಾರು 7 ಗಂಟೆ ಮೊದಲೇ ವಾಯು ಸರಿದಿತ್ತು. ಪುರಾವೆ ಅಷ್ಟು ಗಟ್ಟಿಯಲ್ಲ, ಬೇಗ ಊಟ ಮಾಡಿದವರಿಗೆ ಅದು ಬೇಕಾಗದೆಯೂ ಇರಬಹುದು. ಆದರೂ ಹೊಟ್ಟೆಯುಬ್ಬರದಿಂದ ಒದ್ದಾಡುವವರನ್ನು ದಿನವೂ ನೋಡುವ ನನಗೆ ಇದು ಸಣ್ಣ ಮಾತಲ್ಲ.

ಮೊದಲ ಸಲ ಏಳುವಾಗ ನೆಟ್ಟಗೆ ಏಳಲು ಹೋಗಬೇಡ. ಮಂಡಿ ಮಡಚಿ ಪೂರ್ತಿ ಮಗ್ಗುಲಾಗು, ಕಾಲು ಕೆಳಗೆ ಬಿಡು, ಮೊಣಕೈ ಊರಿ ಕುಳಿತುಕೋ. ತಲೆ ಸುತ್ತುವುದು ನಿಂತ ಮೇಲೆ ಏಳು. ಪಕ್ಕದಲ್ಲಿ ಒಬ್ಬರು ಇರಲಿ. ಕೆಮ್ಮು ಬಂದರೆ ಹೊಲಿಗೆಯ ಮೇಲೆ ದಿಂಬನ್ನು ಒತ್ತಿ ಹಿಡಿ. ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ, ರಕ್ತಸ್ರಾವ ಹೆಚ್ಚಿದರೆ, ಒಂದು ಕಾಲು ಮಾತ್ರ ಊದಿಕೊಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗು.

ಅಮ್ಮನಿಗೂ ಇದನ್ನು ಓದಿ ಹೇಳು. ಯಾರ ಕೈಯೂ ತಾಗದೆ ಮಗುವನ್ನು ನೀನೇ ತೊಟ್ಟಿಲಿನಿಂದ ಎತ್ತಿಕೊಂಡ ಗಳಿಗೆಯನ್ನು ಇದೇ ಕಾಗದದ ಹಿಂದೆ ಬರೆದಿಡು. ನಾನು ಕೇಳುತ್ತೇನೆ.

ನಿನ್ನ ಅಕ್ಕ